ಜೇಬುಲೋಕದ ಪರೀಕ್ಷೆ

"ಫೇಲು," ಎಂದರು ಕಂಪನಿಯ ಮ್ಯಾನೇಜರ್ ವಿಶ್ವನಾಥ, ಅಂಗೈಯಲ್ಲಿದ್ದ ಯಂತ್ರದ ಗುಂಡಿಗಳನ್ನು ತಾವೇ ಒತ್ತಿ, ತಾವೇ ಓದಿ.

ಭಟ್ಕಳದ ಬಳಿಯ ಬೆಳಕೆ ಊರಿನಲ್ಲಿ, ಮಾಸ್ತಮ್ಮನ ಮನೆಯ ಅಂಗಳವದು. ಮಗಳು ಮಾಲಿನಿ ಎದ್ದವಳೇ ಒಳಗೆ ಓಡಿದಳು. ಬಾಗಿಲು ಮುಚ್ಚಿತು. ಅಗಳಿ ಬಿದ್ದ ಸದ್ದೂ ಕೇಳಿತು.

೨೦೦೭ರ ಮೇ ತಿಂಗಳ ಆ ಬೆಳಿಗ್ಗೆ ಮಾಸ್ತಮ್ಮ ಮೀನಿನ ಬುಟ್ಟಿ ಬದಿಗಿಟ್ಟು ಕೂತದ್ದೇ ಇವರ ಮಾತು ನಂಬಿ. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು ಭಟ್ಕಳದ ಸೈಬರ್ ಅಂಗಡಿಗೆ ಹೊರಟಿದ್ದ ಮಾಲಿನಿಯನ್ನು ತಡೆದು, "ಇನ್ನು ಸೈಬರ್ ಯಾಕಮ್ಮ? ಇದು ಜೇಬುಲೋಕ. ಜನಸಾಮಾನ್ಯರಿಗೆಂದೇ ಮಾಡಿದ್ದು. ಇಡೀ ಇಂಟರ್ನೆಟ್ಟು ಅಂಗಿ ಜೇಬಿನಲ್ಲಿ!" ಎಂದಿದ್ದರು ವಿಶ್ವನಾಥ. ಜೇಬಿರುವ ಅಂಗಿ ಆ ಅಂಗಳದಲ್ಲಿ ಇದ್ದದ್ದು ಅವರೊಬ್ಬರಿಗೇ.

ಜೊತೆಗೆ ಬಂದಿದ್ದ ಅಂಕಿತಾ ಆ ಯಂತ್ರದ ವಿನ್ಯಾಸ ಮಾಡಿದವಳು. ಪರದೆ ದೊಡ್ಡದಿರಲಿ, ಗುಂಡಿಗಳ ನಡುವೆ ಜಾಗವಿರಲಿ ಎಂದು ಎರಡು ವರ್ಷ ಹೇಳಿ ಸೋತಿದ್ದಳು. ಪರದೆ ಬೆಂಕಿಪೊಟ್ಟಣದಷ್ಟಾಯಿತು, ಗುಂಡಿಗಳು ತೊಗರಿಬೇಳೆಯಷ್ಟಾದವು. ಕಂಪನಿಯ ಲಾಂಛನಕ್ಕೆ ಮಾತ್ರ ಧಾರಾಳ ಜಾಗ ಸಿಕ್ಕಿತು. ಇನ್ನು ಹದಿನೈದು ದಿನದಲ್ಲಿ ಕಾರ್ಖಾನೆಯಲ್ಲಿ ಕೆಲಸ ಶುರು. ಅದಕ್ಕೆ ಮೊದಲು, ಹಳ್ಳಿಯವರೂ ಬಳಸಿ ಮೆಚ್ಚಿದರು ಎಂಬ ವರದಿಯೊಂದು ಬೇಕಿತ್ತು.

"ಮಾಲಿನೀ, ಬಾಗಿಲು ತೆಗಿಯೇ!" ಮಾಸ್ತಮ್ಮ ಎರಡೂ ಕೈಯಿಂದ ಬಡಿದಳು. ಅಗಳಿ ಅಲುಗಲಿಲ್ಲ. ತಿರುಗಿ ಕೇಳಿದಳು, "ಎಂತ ಸಾರ್ ಇದು? ಸಮಾ ನೋಡಿದ್ರಾ? ನನ್ ಮಗಳು ಫೇಲಾಗೂ ಹುಡುಗಿ ಅಲ್ಲ."

"ಯಂತ್ರ ಸುಳ್ಳು ಹೇಳೋದಿಲ್ಲಮ್ಮ," ಎಂದರು ವಿಶ್ವನಾಥ, ಬಹಳ ಮಮತೆಯಿಂದ. "ಅಂಕಿತಾ, ಟೈಮ್ ಬರ್ಕೊಂಡ್ಯಾ? ನಲವತ್ತೇ ಸೆಕೆಂಡಿನಲ್ಲಿ ಫಲಿತಾಂಶ!"

ಅಂಕಿತಾ ಯಂತ್ರವನ್ನು ಅವರ ಕೈಯಿಂದ ಕಿತ್ತುಕೊಂಡಳು. ಆ ಪರದೆಯಲ್ಲಿ ಹಿಡಿಸಿದ್ದು 'ಫೇಲು' ಎಂಬುದೊಂದೇ. ಹೆಸರು ಎಲ್ಲೋ ಎಡಗಡೆ ಉಳಿದಿತ್ತು. ಬಾಣದ ಗುಂಡಿ ಒತ್ತುತ್ತ ಹೋದಳು. ಹನ್ನೊಂದನೆಯ ಸಲಕ್ಕೆ ಹೆಸರು ಬಂತು. ಯಾರೋ ದಾಸ ಎಂಬ ಹುಡುಗ. ಮಾಲಿನಿ ಬಿಟ್ಟುಹೋದ ಪ್ರವೇಶಪತ್ರಕ್ಕೆ ಹೋಲಿಸಿದರೆ, ನೋಂದಣಿ ಸಂಖ್ಯೆಯಲ್ಲಿ ಐದಿರಬೇಕಾದಲ್ಲಿ ಎಂಟಿತ್ತು. ಸಾಹೇಬರ ಹೆಬ್ಬೆರಳು ಒಂದು ಮನೆ ಕೆಳಗಿಳಿದಿತ್ತು.

ಕೂದಲಿನ ಪಿನ್ನು ತೆಗೆದು, ಅದರ ತುದಿಯಿಂದ ಅಂಕಿಗಳನ್ನು ಒಂದೊಂದಾಗಿ ಒತ್ತಿದಳು. ಲಾಂಛನ ಸುತ್ತಿತು. ಮುಚ್ಚಿದ ಬಾಗಿಲಿನ ಒಳಗೆ ಏನೋ ಉರುಳಿದ ಸದ್ದಾಯಿತು. ಲಾಂಛನ ಇನ್ನೂ ಸುತ್ತುತ್ತಲೇ ಇತ್ತು.

"ಮಾಲಿನೀ, ಅದು ನಿಂದಲ್ಲ! ನೀನು ಪಾಸು! ಫಸ್ಟ್ ಕ್ಲಾಸು!" ಫಲಿತಾಂಶಕ್ಕೆ ಕಾಯದೆ ಬಾಗಿಲಿಗೆ ಬಾಯಿ ಹಚ್ಚಿ, ಗಂಟಲು ಹರಿಯುವಂತೆ ಕೂಗಿದಳು ಅಂಕಿತಾ.

ಎಷ್ಟೋ ಹೊತ್ತಾದಂತೆನಿಸಿದ ಮೇಲೆ ಅಗಳಿ ಸರಿಯಿತು. ಮಾಸ್ತಮ್ಮ ಮಗಳ ಕೆನ್ನೆಗೆ ಮೊದಲು ಒಂದು ಬಾರಿಸಿದಳು, ಆಮೇಲೆ ತಬ್ಬಿಕೊಂಡಳು. ಇಬ್ಬರೂ ಹೊಸ್ತಿಲ ಮೇಲೇ ಕುಸಿದು ಕೂತರು.

ವಿಶ್ವನಾಥ ಬೆವರು ಒರೆಸಿಕೊಂಡರು. "ಇದೆಲ್ಲ ವರದಿಗೆ ಯಾಕೆ? 'ಯಂತ್ರದ ದೋಷವಿಲ್ಲ. ಬಳಕೆದಾರರ ಕೈತಪ್ಪು. ಇಂಥವರಿಗೆ ತರಬೇತಿ ಅಗತ್ಯ.' ಇಷ್ಟು ಬರಿ, ಸಾಕು."

ಅಂಕಿತಾ ಒಂದಕ್ಷರ ಬಿಡದೆ ಹಾಗೆಯೇ ಬರೆದಳು. ಆಮೇಲೆ ಹಾಳೆಯ ತಲೆಯಲ್ಲಿ ಖಾಲಿ ಉಳಿದಿದ್ದ ಸಾಲುಗಳನ್ನು ತುಂಬಿದಳು. ಬಳಕೆದಾರರ ಹೆಸರು: ವಿಶ್ವನಾಥ. ವಿದ್ಯಾಭ್ಯಾಸ: ಎಂ.ಬಿ.ಎ.