ಧೂಳೇಳದ ಗುಂಡು

“ಕೆಳಗೆ. ಒಂದು ಮೊಳ ಕೆಳಗೆ,” ಎಂದಳು ಲೊರೆಟ, ದುರ್ಬೀನಿನಿಂದ ಕಣ್ಣು ತೆಗೆಯದೆ. “ಟಗರಿನ ಕಾಲಿಗೆ ಮಣ್ಣು ಎರಚಿದೆ, ಅಷ್ಟೆ. ನಿನ್ನ ನೋಡಿ ನಗ್ತಾ ಇದೆ ಅದು.”

“ನಗಲಿ ಬಿಡು. ಅದಕ್ಕೂ ವಯಸ್ಸಾಯ್ತು.”

ಡೆಲ್ಬರ್ಟ್ ಬೇಲಿಗೂಟಕ್ಕೆ ಬೆನ್ನು ಕೊಟ್ಟು, ಮಂಡಿಗಳನ್ನು ಮೇಲೆತ್ತಿ, ಅವುಗಳ ನಡುವೆ ಎರಡೂ ಕೈಯಿಂದ ರಿವಾಲ್ವರ್ ಹಿಡಿದು ಕೂತಿದ್ದ. ಆರುನೂರು ಗಜದಾಚೆ, ದಿಬ್ಬದ ನೆತ್ತಿಗಿಂತ ತುಸು ಕೆಳಗೆ, ತಗಡಿನಲ್ಲಿ ಕತ್ತರಿಸಿದ ಉಕ್ಕಿನ ಟಗರು ತೂಗುತ್ತಿತ್ತು. ಅಷ್ಟು ದೂರ ಮುಟ್ಟಲು ರಿವಾಲ್ವರಿನ ಗುಂಡಿಗೆ ಹತ್ತಿರ ಹತ್ತಿರ ಎರಡು ಸೆಕೆಂಡು ಬೇಕು. ಪಕ್ಕದಲ್ಲಿ ಕೂತವರು ಧೂಳು ಎದ್ದ ಜಾಗ ನೋಡಿ ಹೇಳಬೇಕು. ಹೊಡೆಯುವವನು ನಳಿಕೆಯ ತುದಿಯನ್ನು ಕೂದಲೆಳೆಯಷ್ಟು ಎತ್ತಬೇಕು. ಮದುವೆಯಾದ ಇಪ್ಪತ್ತಾರು ವರ್ಷದಿಂದ ಅವನ ಧೂಳು ನೋಡುತ್ತಿದ್ದವಳು ಲೊರೆಟ. ಅಷ್ಟು ವರ್ಷದಲ್ಲಿ ಬಂದೂಕನ್ನು ಮಾತ್ರ ಒಮ್ಮೆಯೂ ಮುಟ್ಟಿರಲಿಲ್ಲ. ಮೊದಲ ಗಂಡ ಗುಂಡಿಗೆ ಸತ್ತ ಮೇಲೆ ಯಾವ ಹೆಂಗಸು ತಾನೇ ಮುಟ್ಟಿಯಾಳು ಎಂದು ವಯೋಮಿಂಗಿನ ಆ ಪುಟ್ಟ ಊರು ಅಂದುಕೊಂಡಿತ್ತು. ಡೆಲ್ಬರ್ಟನೂ ಹಾಗೆಯೇ ಅಂದುಕೊಂಡಿದ್ದ.

ಐದನೆಯ ಗುಂಡು ಹೋಯಿತು. ಅವನು ಉಸಿರು ಹಿಡಿದು ಎಣಿಸಿದ. ಕೊನೆಗೆ, ಠಣ್ ಎಂದು ಉಕ್ಕಿನ ದನಿ ತೇಲಿಬಂತು.

“ಬಿತ್ತು! ಭುಜಕ್ಕೇ ಬಿತ್ತು ಕಣೋ ಮುದುಕಾ!” ಲೊರೆಟ ಬಲಗೈಯಿಂದ ತೊಡೆ ತಟ್ಟಿಕೊಂಡಳು. ಎಡಗೈಯ ಮಣಿಕಟ್ಟು ತಿರುಗುತ್ತಿರಲಿಲ್ಲ. ಮೊದಲ ಗಂಡ ರಾಯ್ಸ್ ಬದುಕಿದ್ದಾಗ ಕುದುರೆಯಿಂದ ಬಿದ್ದು ಮುರಿದದ್ದು ಎಂದಷ್ಟೇ ಹೇಳುತ್ತಿದ್ದಳು. “ಆರನೇದು ಹೊಡಿ. ಕೈ ಕೂತಿದೆ.”

“ಆರನೇದಿಲ್ಲ.”

ರಿವಾಲ್ವರಿನ ಆರು ಗುಂಡಿನ ಮನೆಗಳಲ್ಲಿ ಆರನೆಯದಕ್ಕೆ ಅವನು ತೋಟಾ ತುಂಬುತ್ತಲೇ ಇರಲಿಲ್ಲ. ಹಿಂದಿನವರು ಕುದುರೆಯ ಮೇಲೆ ಹೋಗುವಾಗ ಅಪಾಯ ಬೇಡವೆಂದು ಒಂದು ಮನೆ ಖಾಲಿ ಬಿಡುತ್ತಿದ್ದರು. ಇವನದೂ ಅದೇ ಹಳೆಯ ಅಭ್ಯಾಸವೆಂದು ಜನ ನಗುತ್ತಿದ್ದರು. ನಿಜ ಬೇರೆಯೇ ಇತ್ತು.

ಇಪ್ಪತ್ತೇಳು ವರ್ಷದ ಹಿಂದೆ, ಇಂಥದೇ ಒಂದು ಅಕ್ಟೋಬರ್ ಮಧ್ಯಾಹ್ನ, ಅವನು ಇಲ್ಲಿ ಒಬ್ಬನೇ ಕೂತು ಹೊಡೆದಿದ್ದ. ಐದು ಗುಂಡಿಗೆ ಧೂಳೆದ್ದಿತು. ಆರನೆಯದಕ್ಕೆ ಏಳಲಿಲ್ಲ. ಧೂಳು ಏಳದಿದ್ದರೆ ಗುಂಡು ದಿಬ್ಬ ದಾಟಿದೆ ಎಂದೇ ಅರ್ಥ. ದಿಬ್ಬದ ಆಚೆ ರಾಯ್ಸ್ ಬೇಲಿ ಬಿಗಿಯುತ್ತಿದ್ದ. ಬುತ್ತಿ ಕೊಡಲು ಹೋದ ಲೊರೆಟ ಅವನ ಹೆಣ ನೋಡಿದಳು. ಬೇಟೆಯ ಕಾಲ, ಯಾರೋ ಬೇಟೆಗಾರನ ದಿಕ್ಕುತಪ್ಪಿದ ಗುಂಡು ಎಂದು ಶೆರಿಫ್ ಕಡತ ಮುಚ್ಚಿದ.

ವಿಚಾರಣೆಯ ದಿನ ಶೆರಿಫನ ಮೇಜಿನ ಮೇಲೆ ಆ ಗುಂಡು ಗಾಜಿನ ಲೋಟದಲ್ಲಿ ಮೂತಿ ಕೆಳಗಾಗಿ, ತಳ ಮೇಲಾಗಿ ನಿಂತಿತ್ತು. ಡೆಲ್ಬರ್ಟ್ ನೋಡಿದ್ದು ಒಂದೇ ಕ್ಷಣ. ತಳದಲ್ಲೊಂದು ಉಬ್ಬುಗೆರೆ. ಅವನು ಸೀಸ ಎರೆಯುವ ಅಚ್ಚಿನ ಮುಚ್ಚಳದಲ್ಲಿದ್ದ ಗೀರಿನದೇ ಗುರುತು. ಆ ಬೇಸಿಗೆಯಷ್ಟೇ ರಾಯ್ಸನ ಹುಟ್ಟುಹಬ್ಬಕ್ಕೆ ಅವನ ರಿವಾಲ್ವರಿಗೆಂದು ಇಪ್ಪತ್ತು ತೋಟಾ ಕೈಯಾರೆ ತುಂಬಿ ಕೊಟ್ಟಿದ್ದ. ಗುರಿಯ ಹುಚ್ಚಿಲ್ಲದ ರಾಯ್ಸ್ ನಕ್ಕು, ಡಬ್ಬಿಯನ್ನು ಹಾಗೇ ಡ್ರಾಯರಿಗೆ ತಳ್ಳಿದ್ದ. ಅಂಥ ಗೆಳೆಯನನ್ನು ತಾನೇ ಕೊಂದೆನಲ್ಲ ಎಂಬ ಸಂಕಟ ಅವನನ್ನು ಅಂದಿನಿಂದ ಬಿಟ್ಟಿರಲಿಲ್ಲ. ವಿಧವೆಯ ಮನೆಗೆ ಸೌದೆ ಒಡೆಯಲು ಹೋದ. ಸೂರು ಸರಿಮಾಡಿದ. ಮರುವರ್ಷ ಮದುವೆಯಾದ. ಪ್ರಾಯಶ್ಚಿತ್ತವೆಂದು ಶುರುವಾದದ್ದು ಯಾವಾಗ ಪ್ರೀತಿಯಾಯಿತೋ ಅವನಿಗೇ ಗೊತ್ತಾಗಲಿಲ್ಲ.

ಈಗ, ಬರುವ ಮಂಗಳವಾರ, ಡಾಕ್ಟರರು ಅವನ ಎದೆ ಕೊಯ್ದು ಹೃದಯ ರಿಪೇರಿ ಮಾಡುವವರಿದ್ದರು. ಹೇಳದೆ ಹೋದರೆ ಆಪರೇಷನ್ ಟೇಬಲ್ಲಿನ ಪಕ್ಕಕ್ಕೂ ರಾಯ್ಸ್ ಬಂದು ನಿಲ್ಲುತ್ತಾನೆ. ಹೇಳಿದರೆ ಇವಳು ಬಿಟ್ಟುಹೋಗುತ್ತಾಳೆ.

ಇಬ್ಬರೂ ಟಗರಿನ ಬುಡಕ್ಕೆ ಹೋದರು. ಹೊಡೆದ ಸೀಸವನ್ನು ಜರಡಿ ಹಿಡಿದು ಆರಿಸಿ ಮತ್ತೆ ಎರಕ ಹೊಯ್ಯುವುದು ಅಲ್ಲಿಯವರ ರೂಢಿ. ಅಷ್ಟು ದೂರ ಬರುವಷ್ಟರಲ್ಲಿ ಗುಂಡಿಗೆ ಕಸುವೇ ಉಳಿದಿರುವುದಿಲ್ಲ. ಮೆತ್ತಗಿನ ಮಣ್ಣಿನಲ್ಲಿ ಈಗಷ್ಟೇ ಅಚ್ಚಿನಿಂದ ಉದುರಿದಂತೆ, ಮೂತಿ ಕೂಡ ಕೆಡದೆ ಸಿಗುತ್ತದೆ. ಡೆಲ್ಬರ್ಟ್ ಅಂಥದೊಂದನ್ನು ಅಂಗೈಯಲ್ಲಿ ಹೊರಳಿಸಿದ.

“ಲೊರೆಟ, ರಾಯ್ಸನ್ನ ಕೊಂದವನು ನಾನು.”

ಜರಡಿ ನಿಂತಿತು.

“ಧೂಳು ಏಳಲಿಲ್ಲ ಕಣೇ ಆವತ್ತು. ಆರನೇದಕ್ಕೆ. ತಳದಲ್ಲಿ ನನ್ನ ಗುರುತಿತ್ತು. ನಾನೇ ನೋಡಿದೆ. ಹೇಳೋಕೆ ಧೈರ್ಯ ಬರಲಿಲ್ಲ, ಆಮೇಲೆ ನಿನ್ನ ಬಿಟ್ಟಿರೋ ಧೈರ್ಯನೂ ಇರಲಿಲ್ಲ.” ಅವನು ಅಳುತ್ತಿದ್ದ. “ಬೈಯಿ. ಏನಾದ್ರೂ ಅನ್ನು.”

ಅವಳು ಜರಡಿಯನ್ನು ನೆಲಕ್ಕಿಟ್ಟಳು.

“ನಿದ್ದೇಲಿ ನೀನು ಧೂಳು, ಧೂಳು ಅಂತ ಕನವರಿಸ್ತಿದ್ದೆ. ಏನೋ ಗುರಿಯ ಹುಚ್ಚು ಅಂದ್ಕೊಂಡೆ. ಹೋದ ವಾರ ಡಾಕ್ಟರ ಮನೆಯಿಂದ ಬಂದ ರಾತ್ರಿ ರಾಯ್ಸ್ ಹೆಸರೂ ಹೇಳಿದೆ. ನೀನೇ ಕೊಂದೆ ಅಂದ್ಕೊಂಡಿದ್ದೀಯ ಅಂತ ಆಗ ಅರ್ಥ ಆಯ್ತು.” ಕೋಟಿನ ಜೇಬಿನಿಂದ ಗಂಟು ಕಟ್ಟಿದ ಕರ್ಚೀಫು ತೆಗೆದಳು. ತಿರುಗದ ಕೈಯಿಂದ ಗಂಟು ಬಿಚ್ಚಲು ತಡವಾಯಿತು. “ಶೆರಿಫ್ ಇದನ್ನ ನನಗೇ ಕೊಟ್ಟ. ತಗೋ. ಈ ಸಲ ಪೂರ್ತಿ ನೋಡು.”

ಅವನ ಅಂಗೈಯಲ್ಲಿ ಈಗ ಎರಡು ಗುಂಡುಗಳು ಅಕ್ಕಪಕ್ಕ ಕೂತವು. ಎರಡರ ತಳದಲ್ಲೂ ಅದೇ ಉಬ್ಬುಗೆರೆ. ಆದರೆ ಕರ್ಚೀಫಿನ ಗುಂಡಿಗೆ ಮೂತಿಯೇ ಇರಲಿಲ್ಲ. ಅದು ಅಣಬೆಯ ಹಾಗೆ ಅರಳಿ ಚಪ್ಪಟೆಯಾಗಿತ್ತು. ನಾಲ್ಕು ಹೆಜ್ಜೆ ದೂರದಿಂದ ಎಲುಬಿಗೆ ಬಡಿದ ಸೀಸ ಹೀಗಾಗುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ನೀನು ಕೊಟ್ಟ ಆ ಡಬ್ಬಿ ಇನ್ನೂ ಇದೆ, ಡೆಲ್,” ಎಂದಳು ಲೊರೆಟ. “ಅದರಲ್ಲಿ ಹತ್ತೊಂಬತ್ತಿವೆ.”