ಬಿಚ್ಚಿದ ಜೆರ್ಸಿ

"ಜೆರ್ಸಿ ಬಿಚ್ರೋ! ಹಾಕ್ಕೊಳ್ಳೋ ಯೋಗ್ಯತೆ ಇಲ್ಲ ನಿಮಗೆ!" ಫುಟ್‌ಬಾಲ್ ಮೈದಾನದ ಬೇಲಿಯಾಚೆಯಿಂದ ಅಭಿಮಾನಿಗಳ ಮುಖಂಡ ಬೆಪೊ ಕಿರುಚಿದ. ಸೋತವರಿಂದ ಈ ಊರು ಜೆರ್ಸಿ ಬಿಚ್ಚಿಸದೆ ಬಿಡುವುದಿಲ್ಲ. ರಾಜಧಾನಿ ಝಾಗ್ರೆಬ್‌ನವರಿಂದ ನಾಲ್ಕು ಗೋಲು ತಿಂದ ಆಟಗಾರರು ತಲೆತಗ್ಗಿಸಿ ಬಿಚ್ಚತೊಡಗಿದರು.

ಒಂದು ಕಾಲದ ಕ್ಯಾಪ್ಟನ್, ಈಗಿನ ಕೋಚ್ ಯೆರ್ಕೊ ಮಾರಸ್ ಬೇಲಿಗೇ ನುಗ್ಗಿ ಬಂದ.

"ನೀನು ಹಾಕ್ಕೊಂಡಿರೋದು ಯಾರದ್ದೋ ಬೆಪೊ? ಕಪ್ ಗೆದ್ದ ದಿನ ನಾನೇ ನಿನ್ನ ಕಡೆ ಎಸೆದಿದ್ದು. ಬೆನ್ನ ಮೇಲೆ ನನ್ನ ಹೆಸರಿದೆ. ಮೊದಲು ನೀನು ಬಿಚ್ಚು!"

ಬೆಪೊ ಬಿಚ್ಚಿದ. ಅದನ್ನು ಇಸಿದುಕೊಳ್ಳಲು ಯೆರ್ಕೊ ಬೇಲಿಯ ಸಂದಿಯಲ್ಲಿ ಕೈ ಚಾಚಿದ.

"ಇದು ಊರಿಂದು ಕಣೋ, ನಿಮ್ಮಪ್ಪಂದಲ್ಲ," ಎಂದ ಬೆಪೊ.

ಬೆಪೊ ಜೆರ್ಸಿಯ ಒಳಮಗ್ಗುಲನ್ನು ಹೊರಗೆ ತಿರುವಿ ಮತ್ತೆ ತೊಟ್ಟುಕೊಂಡು ಹೊರಟ. ಹೆಸರಿದ್ದ ಜಾಗದಲ್ಲಿ ಬರೀ ಹೊಲಿಗೆ ಕಾಣುತ್ತಿತ್ತು.