ಹಳೆಯದೇ ಬೇಕು

ಮೂರು ದಿನದಿಂದ ಆಸ್ಪತ್ರೆಯ ಸಾಫ್ಟ್‌ವೇರ್ ಅಪ್‌ಗ್ರೇಡ್ ಒಂದೇ ಕಡೆ ನಿಲ್ಲುತ್ತಿತ್ತು. ಡಯಾಲಿಸಿಸ್ ಯಂತ್ರದ ಅಂಕಿಗಳನ್ನು ಓದುವ ಪುಟ್ಟ ಪ್ರೋಗ್ರಾಮೊಂದು, ತಾನು ಬಳಸುವ ಕೋಡ್ ಲೈಬ್ರರಿಯ ಹಳೆಯ ವರ್ಷನ್ನೇ ಇರಬೇಕೆಂದು ಹಟ ಹಿಡಿದಿತ್ತು. ಅಪ್‌ಗ್ರೇಡ್ ಮಾಡುತ್ತಾ ಸೋತುಹೋದ ಎಂಜಿನಿಯರ್ ನಾಗವೇಣಿ ಆ ಪ್ರೋಗ್ರಾಂ ಬರೆದವರ ನಂಬರ್ ಹುಡುಕಿ ಫೋನ್ ಮಾಡಿದಳು.

“ಸರ್, ಹಳೇ ವರ್ಷನ್ನೇ ಬೇಕು ಅಂತ ಒಂದು ಸಾಲು ಬರೆದಿದ್ದೀರಲ್ಲ, ದಯವಿಟ್ಟು ತೆಗೀರಿ. ನನಗೆ ಸಾಕಾಗಿಹೋಗಿದೆ.”

“ತೆಗೆಯೋಕಾಗಲ್ಲಮ್ಮ. ಹೊಸದು ಹಾಕಿದ್ರೆ ಯಂತ್ರದ ಅಂಕಿ ತಪ್ಪಾಗಿ ಬರುತ್ತೆ.”

“ನಾವೂ ಪರೀಕ್ಷೆ ಮಾಡಿದ್ವಿ ಸರ್, ಎಲ್ಲಾ ಸರಿಯಾಗೇ ಬಂತು.”

“ರೋಗಿ ಮೇಲೆ ಮಾಡಿದ್ರಾ?”

“ಇಲ್ಲ, ಕಂಪ್ಯೂಟರಲ್ಲಿ. ನೀವು ಯಾವ ರೋಗಿ ಮೇಲೆ ನೋಡಿದ್ರಿ?”

ಆ ಕಡೆ ಏನೋ ಬೀಪ್ ಎಂದಿತು.

“ನನ್ನ ಮೇಲೇ. ಈಗಲೂ ಅದೇ ಯಂತ್ರದ ಪಕ್ಕ, ಕೈಗೆ ಸೂಜಿ ಚುಚ್ಚಿಸ್ಕೊಂಡು ಮಲಗಿದೀನಿ ಕಣಮ್ಮ.”